ಅಗಲವಾದ ನಾಳ, ಬಲಗಾಲಿನ ನಂಜು

ನನ್ನ ತಮ್ಮನಿಗೆ ಹೃದಯದ ಕಾಯಿಲೆ ಬಂದಾಗ ನಮ್ಮ ಊರು ಅಮದಳ್ಳಿಯ ಜನ ಸಂತಾಪ ಸೂಚಿಸಲಿಲ್ಲ, ಅಭಿನಂದಿಸಿದರು. ಈ ಅಪಮಾನವನ್ನು ನಾನು ಇನ್ನೂ ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಕಾಯಿಲೆಗೂ ಒಂದು ಮರ್ಯಾದೆ ಇರುತ್ತದೆ. ನಮ್ಮ ಕಡೆ ಯಾರಿಗಾದರೂ ಎದೆನೋವು ಬಂತೆಂದರೆ ಜನ ಎಳನೀರು ಹಿಡಿದು ಬರುತ್ತಾರೆ, ದನಿ ತಗ್ಗಿಸಿ ಕೂರುತ್ತಾರೆ, ಸ್ವಲ್ಪ ಹೊತ್ತು ಮಳೆ ಬೆಳೆ ಮಾತಾಡಿ ಆಮೇಲೆ “ಎಷ್ಟು ಬ್ಲಾಕಂತೆ?” ಎಂದು ಕೇಳುತ್ತಾರೆ. ಎರಡು ಎಂದರೆ ಒಂದು ತೂಕದ ನಿಟ್ಟುಸಿರು, ಮೂರು ಎಂದರೆ ಇನ್ನೊಂದು ತೂಕದ್ದು. ನನ್ನ ತಮ್ಮನಿಗೆ ಒಂದೂ ಇರಲಿಲ್ಲ. ಅವನ ಹೃದಯದ ರಕ್ತನಾಳ ಕಟ್ಟಿಕೊಂಡಿರಲಿಲ್ಲ, ಕಿರಿದೂ ಆಗಿರಲಿಲ್ಲ. ಅದು ಇರಬೇಕಾದದ್ದಕ್ಕಿಂತ ಅಗಲವಾಗಿತ್ತು. ಇದನ್ನು ಕೇಳಿದ ಪಕ್ಕದ ಮನೆಯ ಯಜಮಾನರ ಮುಖ ಅರಳಿತು.

“ಅಗಲ ಆದ್ರೆ ಒಳ್ಳೇದೇ ಆಯ್ತಲಾ ಮಾರಾಯಾ! ರಕ್ತ ಸಲೀಸಾಗಿ ಹೋತದೆ. ನಾ ಎಂತದೋ ದೊಡ್ಡದು ಅಂದ್ಕಂಡೆ.”

ದೊಡ್ಡದಲ್ಲದ ಕಾಯಿಲೆಗೆ ದೊಡ್ಡ ಎಳನೀರು ತಂದೆನಲ್ಲ ಎಂಬ ಪಶ್ಚಾತ್ತಾಪ ಅವರ ಮುಖದಲ್ಲಿ ಸುಳಿದದ್ದನ್ನು ನಾನು ಕಂಡೆ. ಹೋಗುವಾಗ ಅದನ್ನು ವಾಪಸು ಒಯ್ದರೋ ಇಲ್ಲವೋ ಎಂದು ಪರೀಕ್ಷಿಸುವ ಮಟ್ಟಕ್ಕೆ ನಾನು ಇಳಿಯಲಿಲ್ಲ.

ಹೆದ್ದಾರಿ ಅಗಲವಾದಂದಿನಿಂದ ನಮ್ಮ ಕರಾವಳಿಯಲ್ಲಿ ಇಂಥದೊಂದು ನಂಬಿಕೆ ಬೇರುಬಿಟ್ಟಿದೆ: ಅಗಲವಾದದ್ದೆಲ್ಲ ಒಳ್ಳೆಯದು. ನಾನು ಕಾರವಾರದ ಭೂಮಾಪನ ಕಚೇರಿಯಲ್ಲಿ ಸರಪಳಿ ಎಳೆಸುತ್ತ, ಕಲ್ಲು ನೆಡಿಸುತ್ತ ಕೂದಲು ಬಿಳಿ ಮಾಡಿಕೊಂಡವನು. ಜಾಗ ಅಗಲವಾದಾಗ ಏನೇನು ಆಗುತ್ತದೆ ಎಂಬುದನ್ನು ಬಿಸಿಲಲ್ಲಿ ನಿಂತು ಕಂಡಿದ್ದೇನೆ. ಆದರೆ ಎದೆಯೊಳಗಿನ ವಿಷಯದಲ್ಲಿ ನನ್ನ ಸಾಕ್ಷಿಗೆ ಬೆಲೆ ಇರಲಿಲ್ಲ.

ತಮ್ಮನ ವಿಚಾರ ಹೇಳಿಬಿಡುತ್ತೇನೆ. ಅವನು ನಮ್ಮ ಮನೆಯಲ್ಲಿ ಕಿರಿಯವ. ಅವನದೂ ನನ್ನದೂ ಒಂದೇ ಅಂಗಳದ ಎರಡು ಮನೆ. ಕೈಗಾದ ಅಣು ಸ್ಥಾವರಕ್ಕೆ ಕೆಲಸಗಾರರನ್ನು ಒಯ್ಯುವ ಬಸ್ಸುಗಳಲ್ಲಿ ಒಂದನ್ನು, ಒಬ್ಬ ಗುತ್ತಿಗೆದಾರರ ಕೈಕೆಳಗೆ, ಬಹಳ ವರ್ಷಗಳಿಂದ ಓಡಿಸುತ್ತಿದ್ದ. ಬೆಳಗಿನ ಜಾವ ಹೆದ್ದಾರಿ ಬದಿಯಲ್ಲಿ ನಿಂತವರನ್ನು ಹತ್ತಿಸಿಕೊಂಡು, ಕಾರವಾರ ದಾಟಿ, ಕಾಳಿ ಹೊಳೆಯ ಬದಿಗೇ ಕಾಡಿನೊಳಕ್ಕೆ. ಅವನಿಗೆ ಆ ಬಸ್ಸು ಎಂದರೆ ಏನು ಎಂಬುದನ್ನು ಅವನ ಬೂಟುಗಳೇ ಹೇಳುತ್ತಿದ್ದವು. ನಮ್ಮೂರಲ್ಲಿ ಮದುವೆಗೂ ರಬ್ಬರ್ ಚಪ್ಪಲಿ ಮೆಟ್ಟಿ ಹೋಗುವ ಗಂಡಸರ ನಡುವೆ ಇವನೊಬ್ಬ ದಿನಾ ಕರಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ. “ಪೆಡಲ್ ಮೇಲೆ ಕಾಲು ಜಾರ್ಬಾರ್ದು ಅಣ್ಣ, ಹಿಂದೆ ಅಷ್ಟು ಜನ ನಿದ್ದೆ ಮಾಡ್ತಿರ್ತಾರೆ” ಎನ್ನುತ್ತಿದ್ದ. ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಅದನ್ನು ಪದಕದ ಹಾಗೆ ಎತ್ತಿ ತೋರಿಸುತ್ತಿದ್ದ.

ಒಂದು ಬೆಳಿಗ್ಗೆ ಕಾಡಿನ ಏರಿನಲ್ಲಿ ಅವನ ಎದೆ ಹಿಂಡಿತು. ಬಸ್ಸನ್ನು ನಿಧಾನವಾಗಿ ನಿಲ್ದಾಣಕ್ಕೆ ತಂದು, ಕೈಬ್ರೇಕು ಎಳೆದು, ಕಡೆಯವನು ಇಳಿಯುವ ತನಕ ಕಾದು, ಆಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಕಾರವಾರದಲ್ಲಿ ಇಸಿಜಿ ಆಯಿತು. ಹೃದಯದ ನಾಳಗಳನ್ನು ಬಣ್ಣ ಹಾಯಿಸಿ ನೋಡುವುದಕ್ಕೆ ಗಡಿ ದಾಟಿ ಗೋವಾಕ್ಕೆ ಹೋದೆವು. ನಮ್ಮ ಜಿಲ್ಲೆಯವನ ಎದೆಯೊಳಗೆ ಏನಿದೆ ಎಂದು ತಿಳಿಯಲು ಬೇರೆ ರಾಜ್ಯಕ್ಕೆ ಹೋಗಬೇಕು ಎಂಬುದರ ಬಗ್ಗೆ ನನಗೆ ಹೇಳಲು ಬಹಳವಿದೆ. ಅದನ್ನು ಇಲ್ಲಿ ಶುರು ಮಾಡಿದರೆ ತಮ್ಮ ಗೋವಾದಲ್ಲೇ ಉಳಿದುಬಿಡುತ್ತಾನೆ. ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಅಲ್ಲಿಯ ಹೃದಯದ ಡಾಕ್ಟರು ಚಿತ್ರ ತೋರಿಸಿದರು. ಒಂದು ನಾಳ ನೆಟ್ಟಗೆ ಹರಿದು ಬಂದು, ನಡುವೆ ಇಲಿ ನುಂಗಿದ ಹಾವಿನ ಹಾಗೆ ಉಬ್ಬಿ, ಮತ್ತೆ ಸಣ್ಣದಾಗಿತ್ತು. ಸ್ಟೆಂಟ್ ಬೇಡ, ಆಪರೇಶನ್ ಬೇಡ, ಗುಳಿಗೆ ತಪ್ಪಿಸಬೇಡಿ, ಉಳಿದದ್ದು ನಿಮ್ಮ ಊರಿನ ಡಾಕ್ಟರು ನೋಡುತ್ತಾರೆ ಎಂದು ಕಳಿಸಿಕೊಟ್ಟರು.

ಊರಿನ ಡಾಕ್ಟರು ಎಂದರೆ ಕಾರವಾರದ ಒಬ್ಬ ಡಾಕ್ಟರಮ್ಮ. ನನಗಿಂತ ಸ್ವಲ್ಪ ಚಿಕ್ಕವರು, ಆದರೆ ಗದರುವಾಗ ನನಗಿಂತ ಬಹಳ ದೊಡ್ಡವರು. ಈ ಕಾಯಿಲೆಯನ್ನು ಗೌರವದಿಂದ ಕಂಡ ಮೊದಲ ವ್ಯಕ್ತಿ ಅವರೇ.

“ಬ್ಲಾಕ್ ಇಲ್ಲ ಅಂತ ಹಗುರ ಮಾಡ್ಬೇಡಿ,” ಎಂದರು. “ನಾಳದ ಗೋಡೆ ಒಳಗಿಂದ ಸವೆದು ಸಡಿಲಾಗಿದೆ. ಅಗಲ ಆದಲ್ಲಿ ರಕ್ತ ನಿಧಾನ ಆಗ್ತದೆ, ಅಲ್ಲಲ್ಲೇ ಸುತ್ತು ಹಾಕ್ತದೆ, ಹೆಪ್ಪು ಕಟ್ಟಬಹುದು. ಅದಕ್ಕೇ ಗುಳಿಗೆ.”

ನನಗೆ ತಟ್ಟನೆ ಅರ್ಥವಾಯಿತು. ಗಂಗಾವಳಿ ಹೊಳೆಯನ್ನು ನಾನು ಮೇಲಿನಿಂದ ಕೆಳಗಿನ ತನಕ ಅಳೆದವನು. ರಾಮನಗುಳಿಯ ಹತ್ತಿರ ಬಂಡೆಗಳ ನಡುವೆ ಕಿರಿದಾಗಿ ಹರಿಯುವಲ್ಲಿ ಅದು ಒಂದು ಎಲೆಯನ್ನೂ ನಿಲ್ಲಗೊಡುವುದಿಲ್ಲ. ಕೆಳಗೆ ಸಮುದ್ರದ ಹತ್ತಿರ ಅಗಲವಾದಲ್ಲಿ ಸೋಮಾರಿಯಾಗಿ ಹೂಳು ತುಂಬುತ್ತದೆ. ಅಗಲವೇ ಅಲ್ಲಿಯ ರೋಗ. ಆಮೇಲೆ ಊರಿಗೆ ಬಂದು ಪಕ್ಕದ ಮನೆಯವರಿಗೆ ಇದನ್ನು ವಿವರವಾಗಿ ಹೇಳಿದೆ. ಅವರು ಶ್ರದ್ಧೆಯಿಂದ ಕೇಳಿ, “ಹೌದೌದು, ಅಗಲ ಇದ್ದಲ್ಲೇ ಮೀನು ಹೆಚ್ಚು” ಎಂದರು.

“ಗೋಡೆ ಯಾಕೆ ಸಡಿಲಾಯ್ತು?” ಎಂದು ಅಂದು ಅಲ್ಲಿಯೇ ಡಾಕ್ಟರಮ್ಮನನ್ನು ತಮ್ಮ ಕೇಳಿದ್ದ.

“ಉರಿಯೂತ ಒಂದು ಕಾರಣ ಅಂತಾರೆ. ಪೂರ್ತಿ ಯಾರಿಗೂ ಗೊತ್ತಿಲ್ಲ.”

ಗೊತ್ತಿಲ್ಲ ಎಂಬ ಮಾತನ್ನು ವೈದ್ಯರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಎದ್ದು ನಿಂತು ನಮಸ್ಕರಿಸಬೇಕು ಎನಿಸಿತು. ಅವರು ರಕ್ತ ಪರೀಕ್ಷೆಗೆ ಬರೆದರು. ಸಿಆರ್‌ಪಿ ಎಂಬ ಒಂದು ಪ್ರೋಟೀನು, ಜೊತೆಗೆ ಬಿಳಿ ರಕ್ತಕಣಗಳಲ್ಲಿ ಯಾವ ಜಾತಿಯವು ಎಷ್ಟಿವೆ ಎಂಬ ಲೆಕ್ಕ. ಮೈಯಲ್ಲಿ ಎಲ್ಲಿ ಉರಿ ಎದ್ದರೂ ಇವು ಏರುತ್ತವಂತೆ. ನಾಳ ಹೀಗೆ ಅಗಲವಾದವರಲ್ಲಿ ಇವು ಕೊಂಚ ಹೆಚ್ಚಿರುವುದು ಉಂಟಂತೆ.

“ಆದ್ರೆ ಒಂದು ನೆನಪಿಟ್ಕೊಳ್ಳಿ,” ಎಂದು ಬೆರಳೆತ್ತಿದರು. “ಇದು ಕೇರಿಯ ನಾಯಿ ಬೊಗಳಿದ ಹಾಗೆ. ಯಾರೋ ಬಂದಿದ್ದಾರೆ ಅಂತ ಹೇಳ್ತದೆ. ಯಾರ ಮನೆಗೆ, ಎಂತಕ್ಕೆ ಅಂತ ಹೇಳುದಿಲ್ಲ. ನೆಗಡಿ ಆದ್ರೂ ಬೊಗಳ್ತದೆ, ಹಲ್ಲು ಬಾತ್ರೂ ಬೊಗಳ್ತದೆ.”

ಇದಕ್ಕಿಂತ ಸ್ಪಷ್ಟವಾಗಿ ಯಾವ ಮನುಷ್ಯ ಹೇಳಬಲ್ಲ? ಆದರೂ ಈ ಮಾತನ್ನು ಅಲ್ಲಿಂದ ಮುಂದೆ ಒಬ್ಬನೇ ಒಬ್ಬ ನೆನಪಿಡಲಿಲ್ಲ. ನನ್ನ ಕೋಪದ ಮೂಲ ಇದೇ.

ವರದಿ ಬಂತು. ಅಂಕಿ ಕೊಂಚ ಮೇಲಿತ್ತು. ಪ್ರಯೋಗಾಲಯದವರಿಗೊಂದು ಚಟವಿದೆ: ಮಿತಿ ದಾಟಿದ ಅಂಕಿಯನ್ನು ದಪ್ಪಕ್ಷರದಲ್ಲಿ ಛಾಪಿಸುತ್ತಾರೆ. ಕೊಂಚ ದಾಟಿದರೂ ಅಷ್ಟೇ ದಪ್ಪ, ಆಕಾಶಕ್ಕೆ ಏರಿದರೂ ಅಷ್ಟೇ ದಪ್ಪ. ನಮ್ಮ ಕಚೇರಿಯಲ್ಲಿ ಯಾರಾದರೂ ಗೇಣು ಒತ್ತುವರಿಗೂ ಗುಡ್ಡ ಒತ್ತುವರಿಗೂ ಒಂದೇ ಬಣ್ಣ ಬಳಿದಿದ್ದರೆ ಮೇಲಿನವರು ನಕ್ಷೆಯನ್ನು ಮುಖಕ್ಕೆ ಎಸೆಯುತ್ತಿದ್ದರು. ಡಾಕ್ಟರಮ್ಮ ಅಂಕಿ ನೋಡಿ, “ಸರಿ, ಗುಳಿಗೆ ನಡೀಲಿ. ಸ್ವಲ್ಪ ಸಮಯ ಬಿಟ್ಟು ಇನ್ನೊಮ್ಮೆ ನೋಡುವ. ಆಮೇಲೆ ಓಡಿಸಿ ನೋಡುವ ಪರೀಕ್ಷೆ ಮಾಡಿಸಿ, ಬಸ್ಸಿನ ವಿಚಾರ ಹೇಳ್ತೇನೆ” ಎಂದರು. ಗಾಬರಿ ಪಡಲಿಲ್ಲ.

ಗಾಬರಿ ಪಟ್ಟದ್ದು ಗುತ್ತಿಗೆದಾರರ ಬಸ್ಸುಗಳ ಉಸ್ತುವಾರಿ ನೋಡುವ ಮನುಷ್ಯ. ತಮ್ಮ ಪ್ರಾಮಾಣಿಕ. ಕಾಗದಗಳನ್ನೆಲ್ಲ ಒಯ್ದು ಅವನ ಮೇಜಿನ ಮೇಲೆ ಇಟ್ಟ. ಜೊತೆಗೆ ನಾನಿದ್ದೆ. ಆ ಮನುಷ್ಯ ನಾಳದ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದ. ಗೋವಾದ ಡಾಕ್ಟರು ಬರೆದದ್ದನ್ನು ಬಿಟ್ಟ. ದಪ್ಪಕ್ಷರದ ಮೇಲೆ ಬೆರಳಿಟ್ಟ.

“ಇದೆಂತದು?”

“ಅದು ಸಿಆರ್‌ಪಿ ಸಾಹೇಬ್ರೆ. ಅದಕ್ಕೇನಿಲ್ಲ, ನೆಗಡಿ ಆದ್ರೂ...” ಎಂದ ತಮ್ಮ.

“ಏನಿಲ್ದೆ ಇದ್ರೆ ಇಷ್ಟ್ ದಪ್ಪ ಬರೀತಿದ್ರಾ? ಇದು ತೆಳ್ಳಗಾಗ್ಲಿ, ಡಾಕ್ಟರ್ ಪತ್ರನೂ ತಕಂಡ್ ಬಾ. ಅಲ್ಲೀತನ್ಕ ಬೇರೆ ಡ್ರೈವರ್ ಓಡಿಸ್ತಾನೆ.”

ನಾನು ನಾಯಿಯ ಉಪಮೆಯನ್ನು ಅವನಿಗೆ ಹೇಳಲು ಹೊರಟೆ. ಅವನಿಗೆ ಫೋನು ಬಂತು. ಫೋನಿನಲ್ಲಿ ಟೈರಿನ ಬಗ್ಗೆ ಮಾತಾಡುತ್ತಲೇ ಬಾಗಿಲ ಕಡೆ ಕೈ ತೋರಿಸಿದ. ಒಬ್ಬ ಮನುಷ್ಯನ ಕಸುಬು ಒಂದು ಅಕ್ಷರದ ದಪ್ಪದ ಮೇಲೆ ನಿಂತಿತು. ಜಾಗೆಯ ಹದ್ದು, ಅಂದರೆ ಗಡಿ, ಗುರುತಿಸುವಾಗಲಾದರೂ ಎರಡೂ ಕಡೆಯವರನ್ನು ಕರೆದು, ಪಂಚರನ್ನು ಕೂರಿಸಿ, ತಕರಾರು ಇದೆಯೇ ಎಂದು ಕೇಳುತ್ತಿದ್ದೆವು. ಇಲ್ಲಿ ಅದೂ ಇಲ್ಲ.

ಬಸ್ಸು ಕೈತಪ್ಪಿದ ತಮ್ಮನನ್ನು ನೋಡುವುದು ಕಷ್ಟವಾಗಿತ್ತು. ಬೆಳಗಿನ ಜಾವವೇ ಎದ್ದು ಬೂಟಿಗೆ ಪಾಲಿಶ್ ಹಾಕಿ, ಮೆಟ್ಟಿಕೊಂಡು, ಅಂಗಳದ ಕಟ್ಟೆಯ ಮೇಲೆ ಕೂರುತ್ತಿದ್ದ. ಹೆದ್ದಾರಿಯಲ್ಲಿ ಅವನ ಬಸ್ಸು ಹೋಗುವ ಸದ್ದು ಕೇಳಿದರೆ, “ಗೇರ್ ಬದ್ಲಿಸೂದು ತಡ ಮಾಡ್ತಾನೆ ಅವ” ಎನ್ನುತ್ತಿದ್ದ. ಬಳಿಕ ಬೂಟು ಬಿಚ್ಚಿ ಒಳಗಿಡುತ್ತಿದ್ದ.

ಈ ಹಂತದಲ್ಲಿ ನಮ್ಮ ಅಕ್ಕ ಬಂದಳು.

ಅಕ್ಕ ನಮ್ಮಿಬ್ಬರಿಗೂ ಹಿರಿಯಳು. ರಾಮನಗುಳಿಯ ಕಡೆ ಕೊಟ್ಟದ್ದು. ಅಂಕೋಲೆಯಲ್ಲಿ ಬಸ್ಸು ಬದಲಿಸಿ, ಒಂದು ಕೈಚೀಲ ಹಿಡಿದು ಬಂದಿಳಿದಳು. ತಮ್ಮನ ಹೆಂಡತಿ ನೀರು ಕೊಡುವ ಮೊದಲೇ, “ಡಾಕ್ಟ್ರು ಎಂತ ಅಂದ್ರು?” ಎಂದಳು. ರಕ್ತದಲ್ಲಿ ಉರಿಯೂತ ಕಾಣಿಸಿದೆ, ಅದರ ಅಂಕಿ ಇಳಿದರೆ ಬಸ್ಸು ಸಿಗಬಹುದು ಎಂದು ತಮ್ಮ ಹೇಳಿದ.

ಅಕ್ಕ ನೀರು ಕುಡಿದಳು. ಲೋಟ ಕೆಳಗಿಟ್ಟಳು. ತೀರ್ಪು ಕೊಟ್ಟಳು.

“ನಂಜು.”

“ಅಕ್ಕಾ, ಅದು ನಂಜಲ್ಲ,” ಎಂದೆ ನಾನು. “ಅದೊಂದು ಪ್ರೋಟೀನು.”

“ಮೈಯೊಳ್ಗೆ ಉರೀತದೆ ಅಂದ್ರೆ ನಂಜೇಯಾ. ಅವ್ರು ಇಂಗ್ಲಿಷ್ನಲ್ಲಿ ಹೆಸ್ರಿಟ್ರೆ ಬೇರೆ ಆತದ್ಯಾ? ನೀ ಜಾಗೆ ಅಳೆಯೂದು ಅಳಿ ತಮಾ, ಇದು ನಿಂಗೆ ತಿಳೂದಿಲ್ಲ.”

ನಂಜು ಎಂದರೆ ನಮ್ಮಲ್ಲಿ ಒಂದು ಪೂರ್ತಿ ಸಂವಿಧಾನ. ಗಾಯ ಮಾಯದಿದ್ದರೆ ನಂಜು, ಕಜ್ಜಿಯಾದರೆ ನಂಜು, ಕಾಲು ಬಾತರೆ ನಂಜು. ಯಾವುದು ನಂಜಿನ ಊಟ, ಯಾವುದು ಅಲ್ಲ ಎಂಬುದನ್ನು ಪ್ರತಿ ಮನೆಯ ಹೆಂಗಸೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಅಕ್ಕ ಅಂದೇ ಸಂಜೆ ಕಾನೂನು ಜಾರಿ ಮಾಡಿದಳು. ಬಂಗಡೆ ಮೀನು ಬಂದ್. ಶೆಟ್ಲಿ, ಅಂದರೆ ಸೀಗಡಿ, ಬಂದ್. ಏಡಿ, ಚಿಪ್ಪಿನ ಬೆಳಚು, ಒಣಮೀನು, ಬದನೆ, ಹಲಸು, ಎಲ್ಲ ಬಂದ್. ಬಾಣಂತಿಗೆ ಮತ್ತು ಜ್ವರದಿಂದ ಎದ್ದವರಿಗೆ ಕೊಡುವ ನೊಗಲಿ ಮೀನಿನ ತೆಳು ಸಾರು ಮಾತ್ರ ನಡೆಯುತ್ತದೆ. ಒಂದೇ ಅಂಗಳವಾದ್ದರಿಂದ, ವಾಸನೆ ತಾಗಿ ಅವನಿಗೆ ಆಸೆಯಾಗಬಾರದೆಂದು, ನನ್ನ ಮನೆಯ ಒಲೆಗೂ ಇದೇ ಕಾನೂನು ಅನ್ವಯಿಸಿತು. ಬಂಗಡೆಯಂಥ ಎಣ್ಣೆಯಂಶದ ಮೀನು ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ದರು. ಬೆಳಿಗ್ಗೆ ಮೀನು ಮಾರುವವಳು ಬುಟ್ಟಿ ಇಳಿಸಿ ಹೊಳೆಯುವ ಬಂಗಡೆಗಳನ್ನು ತೋರಿಸಿದಾಗ, ನನ್ನ ರಕ್ತನಾಳಗಳು ಯಾವ ಅಗಲದವು ಎಂದು ಯಾರೂ ಪರೀಕ್ಷಿಸಿಲ್ಲ, ನಾನೇಕೆ ಶಿಕ್ಷೆ ಅನುಭವಿಸಬೇಕು ಎಂದು ನನ್ನ ಹೆಂಡತಿಯನ್ನು ಕೇಳಿದೆ. “ತಮ್ಮನ ಮೇಲೆ ಇಷ್ಟೂ ಪ್ರೀತಿ ಇಲ್ವಾ?” ಎಂದಳು. ಬುಟ್ಟಿ ಮುಂದಿನ ಮನೆಗೆ ಹೋಯಿತು. ಪಕ್ಕದ ಯಜಮಾನರು ಎರಡು ಪಾಲು ಕೊಂಡರು.

ಈ ನಡುವೆ ಅಂಕೋಲೆಯಿಂದ ಕರೆ ಬಂತು. ಹಿಂದೆ ನಾನು ಅಳತೆ ಮಾಡಿದ್ದ ಒಂದು ಜಾಗೆಯ ಹದ್ದಿನ ತಕರಾರು. ಕಲ್ಲು ಎಲ್ಲಿತ್ತು ಎಂದು ತೋರಿಸಬೇಕು. ಹೋಗಿ, ಪರಿಚಯದವರ ಮನೆಯಲ್ಲಿ ಉಳಿದೆ. ಬಂಗಡೆ ಸಾರು ಉಂಡೆ ಎಂಬುದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ನಾನು ಹಿಂತಿರುಗುವಷ್ಟರಲ್ಲಿ ಅಕ್ಕ ರಾಮನಗುಳಿಗೆ ಹೋಗಿಯಾಗಿತ್ತು. ತಮ್ಮ ಕಟ್ಟೆಯ ಮೇಲೆ ಕೂತಿದ್ದ. ಬೂಟು ಇರಲಿಲ್ಲ.

“ಪಾಲಿಶ್ ಮುಗೀತಾ?” ಎಂದೆ.

“ಸೆಖೆ, ಅಣ್ಣ,” ಎಂದ.

ಮನುಷ್ಯ ಆಸೆ ಬಿಟ್ಟ ಎಂದುಕೊಂಡೆ. ಮತ್ತೆ ಕೇಳಲಿಲ್ಲ. ಎರಡನೆಯ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ವರದಿ ಬಂದಾಗ ಅಂಕಿ ಇಳಿದಿರಲಿಲ್ಲ. ಹಲವು ಪಟ್ಟು ಏರಿತ್ತು. ಬಿಳಿಕಣಗಳ ಲೆಕ್ಕವೂ ಅದರ ಹಿಂದೆಯೇ ಏರಿತ್ತು. ಇಡೀ ಕಾಗದ ದಪ್ಪಕ್ಷರದಿಂದ ಕಪ್ಪಾಗಿತ್ತು. ತಮ್ಮ ಅದನ್ನು ಮಡಚಿ ಜೇಬಿಗಿಟ್ಟು, “ಮುಗೀತು ಬಿಡು” ಎಂದ. ಅವನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನಾಳ ಇನ್ನೂ ಅಗಲವಾಯಿತೇ, ಒಡೆಯುತ್ತದೆಯೇ ಎಂದು ಅವಳು ನನ್ನನ್ನು ಕೇಳಿದಾಗ ನನ್ನ ಹೊಳೆಯ ಉದಾಹರಣೆಗಳೆಲ್ಲ ಬತ್ತಿಹೋದವು.

ಮರುದಿನ ಕಾರವಾರಕ್ಕೆ ಹೋದೆವು. ತಮ್ಮ ರಬ್ಬರ್ ಚಪ್ಪಲಿಯಲ್ಲಿ, ಬಲಗಾಲನ್ನು ಎಳೆದು ಹಾಕುತ್ತ ಬಂದ. ಪ್ಯಾಂಟು ನೆಲ ಗುಡಿಸುವಷ್ಟು ಇಳಿಬಿಟ್ಟಿದ್ದ. ಬೇಸರಕ್ಕೆ ಹೀಗೆ ನಡೆಯುತ್ತಾನೆ ಎಂದು ನಾನು ಬಗೆದೆ. ಭೂಮಾಪಕನ ಕಣ್ಣು ಎಂದು ಹೊಗಳಿಸಿಕೊಂಡವನು ನಾನು.

ಡಾಕ್ಟರಮ್ಮ ವರದಿ ನೋಡಿದರು. ಈ ಸಲ ಅವರ ಹುಬ್ಬು ಗಂಟಿಕ್ಕಿತು. ಎದೆನೋವು ಇದೆಯೇ? ಇಲ್ಲ. ದಮ್ಮು? ಇಲ್ಲ. ಜ್ವರ? ಸ್ವಲ್ಪ ಮೈ ಬಿಸಿ. ಇಸಿಜಿ ಮಾಡಿಸಿದರು, ಹಿಂದಿನ ಹಾಗೆಯೇ ಇತ್ತು. ಗೋವಾಕ್ಕೆ ಫೋನು ಮಾಡಿ ಮತ್ತೆ ಸೇರಿಸಬೇಕೇನೋ ಎಂದು ರಿಸೀವರಿಗೆ ಕೈ ಹಾಕಿದವರು, ನಿಂತರು. ಮೇಜಿನಾಚೆಯಿಂದ ಬಾಗಿ ಅವನ ಕಾಲ ಕಡೆ ನೋಡಿದರು.

“ನಿಮ್ಮ ಬೂಟು ಎಲ್ಲಿ? ಪ್ರತಿ ಸಲ ಹಾಕ್ಕೊಂಡು ಬಂದು ನನ್ನ ನೆಲ ಎಲ್ಲ ಟಕಟಕ ಮಾಡ್ತಿದ್ರಿ.”

“ಸೆಖೆ, ಮೇಡಂ.”

“ಪ್ಯಾಂಟು ಮೇಲೆತ್ತಿ.”

“ಏನಿಲ್ಲ ಮೇಡಂ.”

“ಎತ್ತಿ ಅಂದೆ.”

ಎತ್ತಿದ. ಹಿಮ್ಮಡಿಯ ಮೇಲೆ ಹಳೆಯ ಸೀರೆಯ ಅಂಚು ಸುತ್ತಿತ್ತು, ಅರಿಶಿನದ ಕಲೆ. ಬಿಚ್ಚಿದರೆ ಕಾಲಗಂಟಿನ ಸುತ್ತ ಸಾಲಾಗಿ ಕಪ್ಪು ಬೊಟ್ಟುಗಳು. ಒಂದೊಂದರ ಸುತ್ತ ಗುಳ್ಳೆ ಎದ್ದು ಒಡೆದು ಕೀವು. ಮೀನಖಂಡದ ತನಕ ಕೆಂಪಗೆ ಬಾತುಕೊಂಡಿದೆ.

“ಕರಿಗೇರು,” ಎಂದರು ಡಾಕ್ಟರಮ್ಮ.

ಕಾಡಿನ ಮರದ ಕಾಯಿ ಅದು. ಅದರೊಳಗಿನ ಕಪ್ಪು ಎಣ್ಣೆಯಿಂದ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗುವುದಿಲ್ಲ. ಸೂಜಿಯನ್ನು ಕಾಯಿಗೆ ಚುಚ್ಚಿ ದೀಪಕ್ಕೆ ಹಿಡಿದು, ಜಿನುಗಿದ ಬಿಸಿ ಎಣ್ಣೆಯನ್ನು ಕಾಲಿಗೆ ಬೊಟ್ಟಿಟ್ಟರೆ ಗುಳ್ಳೆ ಎದ್ದು ಅದರ ದಾರಿಯಿಂದ ನಂಜು ಹೊರಗೆ ಹೋಗುತ್ತದೆ ಎಂಬುದು ನಮ್ಮ ಹಿರಿಯರ ಸಿದ್ಧಾಂತ. ಅಕ್ಕನ ಕೈಚೀಲದಲ್ಲಿದ್ದದ್ದು ಇದು. ನಾನು ಬೈಯುತ್ತೇನೆಂದು, ನಾನು ಅಂಕೋಲೆಯಲ್ಲಿ ಕಲ್ಲು ತೋರಿಸುತ್ತಿದ್ದಾಗ ಕೆಲಸ ಮುಗಿಸಿದ್ದಾರೆ. ಅಂದರೆ, ಉರಿಯೂತ ಇಳಿಸಬೇಕೆಂದು ಮನುಷ್ಯನ ಕಾಲಿಗೆ ಉರಿ ಹಚ್ಚಿ, ಅದು ಧಗಧಗ ಎನ್ನುತ್ತಿರುವಾಗ ರಕ್ತ ಕೊಟ್ಟು, ಉರಿಯೂತ ಇಳಿಯಿತೇ ಎಂದು ಕೇಳಿದ್ದಾರೆ! ಜಗತ್ತಿನ ಯಾವ ಮೂಲೆಯಲ್ಲಿ ಇಂಥ ಪ್ರಯೋಗ ನಡೆದೀತು? ನಾಯಿ ಬೊಗಳುತ್ತದೆಯೋ ಇಲ್ಲವೋ ನೋಡಲು ಅದರ ಬಾಲಕ್ಕೆ ಪಟಾಕಿ ಕಟ್ಟಿದ ಹಾಗೆ.

“ಅದೂ ಬಲಗಾಲು!” ಎಂದು ನಾನು ಎದ್ದು ನಿಂತೆ. “ಎಕ್ಸಿಲರೇಟರ್ ಒತ್ತುವ ಕಾಲು! ಎಡಗಾಲು ಇರಲಿಲ್ಲವೋ ನಿನಗೆ?”

“ಗಂಡಸ್ರಿಗೆ ಬಲಗಾಲೇ ಅಂದ್ಳು ಅಕ್ಕ.”

“ಅವಳು ಅಂದಳು! ನಿನಗೆ ಬುದ್ಧಿ?”

“ಕೂಗಬೇಡಿ, ಇದು ಆಸ್ಪತ್ರೆ,” ಎಂದರು ಡಾಕ್ಟರಮ್ಮ. ಆಮೇಲೆ ಅವನನ್ನು, “ನನ್ನ ಗುಳಿಗೆ ಬಿಟ್ರಾ?” ಎಂದು ಕೇಳಿದರು.

“ಇಲ್ಲ ಮೇಡಂ. ಬಿಡು ಅಂದ್ಳು ಅಕ್ಕ, ನಾ ಬಿಡ್ಲಿಲ್ಲ. ಎರಡೂ ಮಾಡ್ದೆ.” ಅವನು ನನ್ನ ಕಡೆ ತಿರುಗಿದ. “ಅಣ್ಣ, ಆ ದಪ್ಪಕ್ಷರ ಹೋದ್ರೆ ಸಾಕಾಗಿತ್ತು ನಂಗೆ. ಯಾರು ಎಂತ ಹೇಳಿದ್ರೂ ಮಾಡ್ತಿದ್ದೆ. ಸಮುದ್ರಕ್ಕೆ ಹಾರು ಅಂದಿದ್ರೂ ಹಾರ್ತಿದ್ದೆ. ಬಸ್ಸು ಹೋಗೂದು ಕೇಳ್ತಾ ಕೂರುಕೆ ಆಗೂದಿಲ್ಲ.”

ನಾನು ಕೂತೆ. ಸಿಟ್ಟು ಎಲ್ಲಿಗೆ ಒಯ್ಯಬೇಕೆಂದು ತಿಳಿಯಲಿಲ್ಲ. ಅಕ್ಕನ ಮೇಲೆ ಇತ್ತು, ಸರಿ. ಆದರೆ ಅಕ್ಕನಿಗೂ ಆ ಉಸ್ತುವಾರಿಯವನಿಗೂ ಎಷ್ಟು ವ್ಯತ್ಯಾಸ ಎಂದು ಯೋಚಿಸಿದೆ. ಅವಳು ಅಂಕಿಯನ್ನು ನೋಡದೆ ನಂಜು ಎಂದಳು, ಅವನು ಅಂಕಿಯನ್ನೇ ನೋಡಿ ಬೇಡ ಎಂದ. ಅವಳಾದರೂ ಬಸ್ಸು ಬದಲಿಸಿ ಬಂದು ತಮ್ಮನ ಕಾಲು ಹಿಡಿದು ಕೂತಿದ್ದಳು.

ಡಾಕ್ಟರಮ್ಮ ಗಾಯ ತೊಳೆಸಿ ಪಟ್ಟಿ ಕಟ್ಟಿಸಿದರು, ಬೇರೆ ಗುಳಿಗೆ ಬರೆದರು. “ಇದು ಮಾದು ಹೋಗೋ ತನಕ ರಕ್ತ ಪರೀಕ್ಷೆ ಇಲ್ಲ. ಈ ಕಾಗದ ಲೆಕ್ಕಕ್ಕಿಲ್ಲ,” ಎಂದು ಆ ಕಪ್ಪು ವರದಿಯ ಮೇಲೆ ಅಡ್ಡಗೆರೆ ಎಳೆದರು. ಹೊರಡುವಾಗ ನನ್ನನ್ನು ನಿಲ್ಲಿಸಿ, “ನಿಮ್ಮ ಅಕ್ಕನವರಿಗೆ ಬೈಬೇಡಿ, ಬೈದ್ರೆ ಮುಂದಿನ ಸಲ ಇನ್ನೂ ಗುಟ್ಟಾಗಿ ಮಾಡ್ತಾರೆ” ಎಂದರು. ನಾನು ಬೈಯುವುದಿಲ್ಲವೆಂದು ಮಾತು ಕೊಟ್ಟೆ. ಆ ಮಾತು ಅಮದಳ್ಳಿಯ ತನಕವೂ ಬಾಳಲಿಲ್ಲ. ಬಸ್ ನಿಲ್ದಾಣದಿಂದಲೇ ಫೋನು ಮಾಡಿದೆ. ಅಕ್ಕ ಎಲ್ಲ ಕೇಳಿಸಿಕೊಂಡು, “ಕೀವು ಬಂತಾ?” ಎಂದಳು. ಬಂತು ಎಂದೆ. “ಹಾಂಗಾರೆ ಹಿಡೀತು,” ಎಂದು ಸಮಾಧಾನದಿಂದ ಫೋನು ಇಟ್ಟಳು.

ಗಾಯ ಮಾಯುವುದಕ್ಕೆ ಕೆಲವು ವಾರ ಹಿಡಿಯಿತು. ಅಷ್ಟೂ ಕಾಲ ನಾನೇ ಪಟ್ಟಿ ಬದಲಿಸಿಕೊಂಡು ಬರಲು ಕರೆದೊಯ್ದೆ. ಗಾಯಕ್ಕೆ ನಂಜಿನ ಊಟ ಆಗುವುದಿಲ್ಲವೆಂದು ಮೀನಿನ ನಿಷೇಧವನ್ನು ನನ್ನ ಹೆಂಡತಿಯೂ ತಮ್ಮನ ಹೆಂಡತಿಯೂ ಸೇರಿ ಮುಂದುವರಿಸಿದರು. ಕೊನೆಗೆ ಬೊಟ್ಟುಗಳ ಜಾಗದಲ್ಲಿ ಕಂದು ಕಲೆಗಳಷ್ಟೇ ಉಳಿದಾಗ ಮತ್ತೆ ರಕ್ತ ಕೊಟ್ಟ. ಅಂಕಿ ಇಳಿದಿತ್ತು. ಮೊದಲಿನದಕ್ಕಿಂತಲೂ ಕೆಳಗೆ, ತೆಳ್ಳಗಿನ ಸಭ್ಯ ಅಕ್ಷರದಲ್ಲಿ. ಮೊದಲ ಸಲ ಯಾಕೆ ಕೊಂಚ ಮೇಲಿತ್ತು ಎಂದು ಡಾಕ್ಟರಮ್ಮನನ್ನು ಕೇಳಿದೆ. ನಾಳದ್ದೂ ಇರಬಹುದು, ಆಗ ನೆಗಡಿ ಇದ್ದಿದ್ದರೆ ಅದರದೂ ಇರಬಹುದು, ಗುಳಿಗೆಯಿಂದ ಇಳಿದಿರಲೂಬಹುದು ಎಂದರು. ನಾಳ ಮಾತ್ರ ಅಗಲವಾದದ್ದು ಅಗಲವೇ, ಗುಳಿಗೆ ತಪ್ಪುವ ಹಾಗಿಲ್ಲ. ಗೋವಾದಲ್ಲಿ ಓಡುವ ಪಟ್ಟಿಯ ಮೇಲೆ ಓಡಿಸಿ ನೋಡಿದರು. ಆ ಪರೀಕ್ಷೆಗೆ ತಮ್ಮ ಬೂಟು ಹಾಕಿಕೊಂಡು ಹೋಗಿದ್ದ. ಎದೆ ತಕರಾರು ಮಾಡಲಿಲ್ಲ. ಬಸ್ಸು ಓಡಿಸಬಹುದು, ಇಂತಿಷ್ಟು ದಿನಕ್ಕೊಮ್ಮೆ ಬಂದು ತೋರಿಸಬೇಕು, ಎದೆ ಹಿಂಡಿದ ಕ್ಷಣ ನಿಲ್ಲಿಸಬೇಕು ಎಂದು ಡಾಕ್ಟರುಗಳಿಬ್ಬರೂ ಒಪ್ಪಿ ಪತ್ರ ಬರೆದರು.

ಪತ್ರವನ್ನೂ ವರದಿಯನ್ನೂ ಹಿಡಿದು ಉಸ್ತುವಾರಿಯವನ ಹತ್ತಿರ ಹೋದೆವು. ನಾನು ಈ ಸಲ ಸಿದ್ಧನಾಗಿದ್ದೆ. ಸಿಆರ್‌ಪಿ ಎಂದರೇನು, ಅದು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ, ಎಲ್ಲವನ್ನೂ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಪೋಣಿಸಿಕೊಂಡಿದ್ದೆ. ಅವನು ಫೋನಿನಲ್ಲಿ ಯಾರನ್ನೋ ಗದರುತ್ತಿದ್ದ. ತಮ್ಮನನ್ನು ಕಂಡದ್ದೇ ಫೋನು ಇಟ್ಟು, “ಬಂದ್ಯಾ ಮಾರಾಯಾ! ಆ ಹೊಸಬ ಹೇಳ್ದೆ ಕೇಳ್ದೆ ಬಿಟ್ ಹೋದ. ನಾಳೆ ಬೆಳಿಗ್ಗೆ ಬಸ್ಸು ಹತ್ತು” ಎಂದು ಕೀಲಿ ಮುಂದಿಟ್ಟ.

“ವರದಿ ನೋಡಿ,” ಎಂದೆ ನಾನು.

“ಇರ್ಲಿ ಇರ್ಲಿ, ಅಲ್ಲಿಡಿ.”

“ಇಲ್ಲ, ನೋಡಿ. ಡಾಕ್ಟರ ಪತ್ರ ಓದಿ. ಎದೆ ಹಿಂಡಿದರೆ ಏನು ಮಾಡಬೇಕೆಂದು ಬರೆದಿದ್ದಾರೆ. ಆ ಅಂಕಿಗಾಗಿ ಒಬ್ಬ ಮನುಷ್ಯ ಕಾಲು ಸುಡಿಸಿಕೊಂಡಿದ್ದಾನೆ.”

ಅವನು ನನ್ನ ಮುಖ ನೋಡಿದ, ತಮ್ಮನ ಮುಖ ನೋಡಿದ, ಕಾಗದ ಎತ್ತಿಕೊಂಡು ಈ ಸಲ ನೆಟ್ಟಗೇ ಹಿಡಿದು, ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದ. ಓದುವ ತನಕ ನಾನು ಅವನ ಮೇಜಿನ ಮುಂದಿನಿಂದ ಕದಲಲಿಲ್ಲ. ಅಂಕಿ ಏರಿದಾಗ ಬಾಗಿಲು ತೋರಿಸಿದವನು ಇಳಿದಾಗ ನೋಡದೆ ಬಿಡುವುದೆಂದರೆ ನಾನು ಒಪ್ಪುವವನಲ್ಲ.

ಸುದ್ದಿ ಮುಟ್ಟಿದ್ದೇ ಅಕ್ಕ ಆ ಸಂಜೆಯೇ ಬಂದಳು. ಕೈಚೀಲ ನೋಡಿದ ತಮ್ಮ ಕಾಲುಗಳನ್ನು ಕಟ್ಟೆಯ ಮೇಲಕ್ಕೆ ಎಳೆದುಕೊಂಡ. ಒಳಗಿದ್ದದ್ದು ಬಂಗಡೆ, ಅಂಕೋಲೆ ಪೇಟೆಯಲ್ಲಿ ಆರಿಸಿ ತಂದದ್ದು. ನಿಷೇಧ ಹೇರಿದವಳೇ ತೆರವು ಮಾಡಿದಳು. ಊಟ ಮುಗಿಯುವ ತನಕ ನಾನು ತಾಳಿಕೊಂಡೆ. ಆಮೇಲೆ ಮೂರೂ ವರದಿಗಳನ್ನು ಅವಳ ಮುಂದೆ ಸಾಲಾಗಿ ಹಾಸಿ, ಪಂಚನಾಮೆ ಓದುವ ದನಿಯಲ್ಲಿ ಹೇಳಿದೆ: ಇದು ಮೊದಲಿನದು, ಕೊಂಚ ಮೇಲೆ. ಇದು ನಿನ್ನ ಕರಿಗೇರಿನ ನಂತರದ್ದು, ಆಕಾಶಕ್ಕೆ. ಇದು ಗಾಯ ಮಾದ ಮೇಲೆ, ಕೆಳಗೆ. ಈಗ ಏನು ಹೇಳುತ್ತೀ?

ಅಕ್ಕ ಒಂದೊಂದನ್ನೂ ಗಮನವಿಟ್ಟು ನೋಡಿದಳು.

“ಅದನ್ನೇಯಾ ನಾ ಹೇಳೂದು, ತಮಾ. ನಂಜು ಒಳ್ಗಿತ್ತು. ಕರಿಗೇರು ಇಟ್ಟದ್ದೇ ಎಲ್ಲ ಎದ್ದು ಹೊರ್ಗೆ ಬಂತು. ಬರೂವಾಗ ಏರ್ದೆ ಎಂತ ಮಾಡ್ತದೆ? ಬಂದು ಮುಗ್ದ ಮೇಲೆ ಇಳೀತು. ನಿಂಗಳ ಕಾಗ್ದದಲ್ಲೇ ಅದೆಲಾ.”

ನಾನು ವರದಿಗಳನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಎಷ್ಟೋ ಹದ್ದಿನ ಜಗಳಗಳಲ್ಲಿ ಎಂತೆಂಥ ವಕೀಲರ ಎದುರು ನಿಂತವನು ನಾನು. ಅಂಕಿಗಳು ಅವಳ ಪರವಾಗಿ ಸಾಲುಗಟ್ಟಿ ನಿಂತಿದ್ದವು. ತಮ್ಮನ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ತಟ್ಟೆ ಎತ್ತಿದಳು. ತಮ್ಮ ಬೂಟಿಗೆ ಪಾಲಿಶ್ ಹಾಕಲು ಎದ್ದುಹೋದ.

ಬೆಳಗಿನ ಜಾವ ಅಕ್ಕನೂ ನಾನೂ ಹೆದ್ದಾರಿ ಬದಿಗೆ ಹೋಗಿ ನಿಂತೆವು. ತಣ್ಣನೆಯ ಗಾಳಿ ಸಮುದ್ರದ ಕಡೆಯಿಂದ ಬರುತ್ತಿತ್ತು. ಅಗಲವಾದ ರಸ್ತೆಯಲ್ಲಿ ಉಳಿದ ವಾಹನಗಳೆಲ್ಲ ಬೆನ್ನಟ್ಟಿಸಿಕೊಂಡವರ ಹಾಗೆ ಓಡುತ್ತಿದ್ದವು. ಅವನ ಬಸ್ಸು ಬಂತು. ಕೈಗಾಕ್ಕೆ ಹೊರಟವರು ಒಬ್ಬೊಬ್ಬರಾಗಿ ಹತ್ತಿದರು. ತಮ್ಮ ನಮ್ಮ ಕಡೆ ನೋಡಲಿಲ್ಲ. ಡ್ಯೂಟಿಯಲ್ಲಿ ಅವನು ಯಾರ ಕಡೆಯೂ ನೋಡುವುದಿಲ್ಲ. ಬಸ್ಸು ಒಂದು ಕುಲುಕೂ ಇಲ್ಲದೆ, ನಿದ್ದೆ ಮಾಡುವವರನ್ನು ಎಬ್ಬಿಸದೆ, ಮೆಲ್ಲಗೆ ಜಾಗ ಬಿಟ್ಟಿತು.

ಅಕ್ಕ ನನ್ನ ತೋಳು ಹಿಡಿದಳು.

“ನೋಡ್ದ್ಯಾ ತಮಾ? ಬಲಗಾಲು ಎಷ್ಟು ಹಗೂರ ಆಗ್ಯದೆ ಅವಂಗೆ.”